ಇಳಿಯೋದು ಬಿಟ್ಟು ಮತ್ತೆ ಏರುವಾಗ ಚಿಕ್ಕ ವಿಮಾನ ಯಾಕೆ ಬೀಳುತ್ತದೆ?

ಪ್ರಶ್ನೆ: ನಮ್ಮ ಮನೆ ಕಡಕೊಳದ ಹತ್ತಿರ. ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ಸೆಸ್ನಾ 152 ಮತ್ತು 172 ವಿಮಾನಗಳಲ್ಲಿ ಕಲಿಯುತ್ತಿದ್ದಾಳೆ. ಇನ್ನು ಸ್ವಲ್ಪ ದಿನದಲ್ಲಿ ಒಬ್ಬಳೇ ಹಾರಿಸಬೇಕಂತೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಚಿಕ್ಕ ವಿಮಾನಗಳು ಇಳಿಯಲು ಬಂದು, ಇಳಿಯದೆ, ಜೋರು ಸದ್ದು ಮಾಡಿ ಮತ್ತೆ ಮೇಲೆ ಹೋಗೋದನ್ನು ನೋಡುತ್ತಿರುತ್ತೇನೆ. ಅನುಮಾನ ಬಂದರೆ ಹಾಗೆ ಮೇಲೆ ಹೋಗೋದೇ ಸೇಫ್ ಅಂತ ಮಗಳು ಹೇಳುತ್ತಾಳೆ. ಆದರೆ ಹಾಗೆ ಏರುವಾಗಲೇ ವಿಮಾನ ಬಿದ್ದ ಸುದ್ದಿಗಳನ್ನೂ ಓದಿದ್ದೇನೆ. ಸೇಫ್ ಆದರೆ ಬೀಳೋದ್ಯಾಕೆ ಸರ್? ಮನೆಯವರಾಗಿ ನಾವು ಏನಾದರೂ ಮಾಡಬಹುದಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ನೀವು ಓದಿದ್ದೂ ಸರಿ. ಇಳಿಯೋದನ್ನು ಕೈಬಿಟ್ಟು ಮತ್ತೆ ಏರುವುದಕ್ಕೆ ನಾವು ಗೋ ಅರೌಂಡ್ ಅನ್ನುತ್ತೇವೆ. ಬೇಗ ನಿರ್ಧಾರ ಮಾಡಿ, ಕಲಿತ ಕ್ರಮದಲ್ಲೇ ಮಾಡಿದರೆ ಇದು ದಿನನಿತ್ಯದ ಕೆಲಸ. ಬಿದ್ದ ವಿಮಾನಗಳ ತನಿಖಾ ವರದಿ ತೆಗೆದು ನೋಡಿದರೆ ಮತ್ತೆ ಮತ್ತೆ ಎರಡು ವಿಷಯ ಕಾಣುತ್ತವೆ. ಒಂದೋ ನಿರ್ಧಾರ ತಡವಾಗಿರುತ್ತದೆ, ಇಲ್ಲವೇ ಮೊದಲ ಹತ್ತು ಸೆಕೆಂಡಿನ ಕೈಕೆಲಸ ಹಿಂದುಮುಂದಾಗಿರುತ್ತದೆ. ಎಷ್ಟೋ ಸಲ ಮೊದಲನೆಯದರಿಂದಲೇ ಎರಡನೆಯದು ಹುಟ್ಟುತ್ತದೆ. ತಡವಾದವರಿಗೆ ಗಾಬರಿ, ಗಾಬರಿಯಾದವರಿಗೆ ಕ್ರಮ ನೆನಪಾಗೋದಿಲ್ಲ.

ನೀವು ಮನೆಯಿಂದ ನೋಡುವುದರಲ್ಲಿ ಬಹುಪಾಲು ತೊಂದರೆಯ ಲಕ್ಷಣವಲ್ಲ. ವಿದ್ಯಾರ್ಥಿಗಳು ಟಚ್ ಅಂಡ್ ಗೋ ಮಾಡುತ್ತಿರುತ್ತಾರೆ. ಚಕ್ರ ನೆಲಕ್ಕೆ ತಾಗಿಸಿ, ನಿಲ್ಲಿಸದೆ ಮತ್ತೆ ಹಾರಿ, ಒಂದು ಸುತ್ತು ಬಂದು ಪುನಃ ಇಳಿಯುವ ಅಭ್ಯಾಸ ಅದು. ಕೆಲವು ಸಲ ಚಕ್ರ ತಾಗುವ ಮೊದಲೇ ಏರುತ್ತಾರೆ. ರನ್‌ವೇ ಮೇಲೆ ನಾಯಿ ಬಂದಿರಬಹುದು, ಮೊದಲು ಇಳಿದ ವಿಮಾನ ಇನ್ನೂ ರನ್‌ವೇಯಿಂದ ಹೊರಗೆ ಹೋಗಿರಲಿಕ್ಕಿಲ್ಲ, ಟವರ್‌ನವರೇ ಹೇಳಿರಬಹುದು, ಇಲ್ಲ ಇನ್‌ಸ್ಟ್ರಕ್ಟರ್ ಬೇಕಂತಲೇ ಮಾಡಿಸಿರಬಹುದು. ಆ ಸದ್ದು ಕೇಳಿದಾಗ ನೀವು ಹೆದರಬೇಕಾಗಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಇಳಿಯಲು ಬರುವ ವಿಮಾನ ಎಲ್ಲ ರೀತಿಯಲ್ಲೂ ಇಳಿಯಲು ತಯಾರಾಗಿರುತ್ತದೆ. ವೇಗ ಕಡಿಮೆ, ಎಂಜಿನ್ ಪವರ್ ಕಡಿಮೆ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳು ಪೂರ್ತಿ ಕೆಳಗೆ. ಫ್ಲ್ಯಾಪ್ ಎರಡು ಕೆಲಸ ಮಾಡುತ್ತದೆ. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುತ್ತದೆ, ಜೊತೆಗೆ ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುವ ಎಳೆತವನ್ನೂ ಜಾಸ್ತಿ ಮಾಡುತ್ತದೆ. ಇನ್ನು ಟ್ರಿಮ್ ಅಂತ ಒಂದು ಚಕ್ರ ಇರುತ್ತದೆ. ಪೈಲಟ್ ಒಂದೇ ಸಮನೆ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದು ಎಳೆಯುತ್ತಾ ಕೂರಬಾರದು ಅಂತ ಇರುವ ಸೌಕರ್ಯ ಅದು. ಇಳಿಯುವಾಗ ಆ ಟ್ರಿಮ್ಮನ್ನು ಮೂತಿ ಮೇಲೆ ಇರುವ ಹಾಗೆ ತಿರುಗಿಸಿಟ್ಟಿರುತ್ತಾರೆ.

ಈ ಸ್ಥಿತಿಯಲ್ಲಿ ಥ್ರಾಟಲ್, ಅಂದರೆ ಎಂಜಿನ್‌ಗೆ ಪವರ್ ಕೊಡುವ ಹಿಡಿಕೆ, ಪೂರ್ತಿ ಒತ್ತಿದರೆ ಏನಾಗುತ್ತದೆ? ಮೂತಿ ತಾನಾಗಿಯೇ ಮೇಲೆ ನುಗ್ಗುತ್ತದೆ. ಟ್ರಿಮ್ ಇಟ್ಟಿದ್ದು ಕಡಿಮೆ ಪವರ್‌ಗೆ, ಈಗ ಪೂರ್ತಿ ಪವರ್ ಬಂದಿದೆ. ಪೈಲಟ್ ಯೋಕನ್ನು ಗಟ್ಟಿಯಾಗಿ ಮುಂದಕ್ಕೆ ಒತ್ತಿ ಹಿಡಿಯಬೇಕು. ಎಷ್ಟು ಬಲ ಬೇಕಾಗುತ್ತದೆ ಅನ್ನೋದು ಮೊದಲ ಸಲ ಮಾಡುವವರಿಗೆ ಆಶ್ಚರ್ಯ ತರುತ್ತದೆ. ಅದೂ ಅಲ್ಲದೆ ನೆಲ ಹತ್ತಿರ ಇದೆ, ಏರಬೇಕು ಅಂತ ಮನಸ್ಸು ಹೇಳುತ್ತಿರುತ್ತದೆ. ಆಗ ಮುಂದಕ್ಕೆ ಒತ್ತು ಅಂದರೆ ಕೈ ಒಪ್ಪೋದಿಲ್ಲ. ಸುಮ್ನೆ ಬಿಟ್ಟರೆ ಮೂತಿ ಇನ್ನೂ ಮೇಲೇಳುತ್ತದೆ, ವೇಗ ಇಳಿಯುತ್ತದೆ, ಸ್ಟಾಲ್ ಆಗುತ್ತದೆ.

ಸ್ಟಾಲ್ ಅಂದರೆ ಎಂಜಿನ್ ಕೆಡೋದು ಅಂತ ತುಂಬಾ ಜನ ತಿಳಿದಿದ್ದಾರೆ. ಎಂಜಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಆಷಾಢದಲ್ಲಿ ಮಕ್ಕಳು ಬಿಡುವ ಗಾಳಿಪಟ ನೋಡಿ. ಸೂತ್ರ ಸರಿಯಾಗಿ ಕಟ್ಟದಿದ್ದರೆ ಪಟ ಗಾಳಿಗೆ ತೀರಾ ಎದೆ ಕೊಟ್ಟು ನಿಲ್ಲುತ್ತದೆ, ಮೇಲೇರದೆ ತೊನೆದಾಡಿ ಕೆಳಗೆ ಬರುತ್ತದೆ. ರೆಕ್ಕೆಯೂ ಹಾಗೆಯೇ. ಬರುವ ಗಾಳಿಗೆ ಒಂದು ಮಿತಿಗಿಂತ ಜಾಸ್ತಿ ಓರೆಯಾದರೆ ಎತ್ತುವ ಶಕ್ತಿ ಕುಸಿಯುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿ ಇದು ಪಾಠ, ಪ್ರತಿ ವಿದ್ಯಾರ್ಥಿಯೂ ಮಾಡಿ ಕಲಿಯುತ್ತಾನೆ. ಮೂತಿ ತಗ್ಗಿಸಿದರೆ ವಿಮಾನ ಮತ್ತೆ ಹಾರುತ್ತದೆ. ನೆಲದಿಂದ ನೂರು ಅಡಿ ಮೇಲೆ ಆದರೆ ಮೂತಿ ತಗ್ಗಿಸಲು ಜಾಗವೇ ಇರೋದಿಲ್ಲ.

ಇದರ ಜೊತೆಗೆ ಇನ್ನೊಂದು. ಸೆಸ್ನಾದಂಥ ವಿಮಾನದಲ್ಲಿ ಪೂರ್ತಿ ಪವರ್ ಕೊಟ್ಟ ತಕ್ಷಣ ಮೂತಿ ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ತಿರುಗುವ ರೀತಿಯಿಂದ ಆಗುವ ಪರಿಣಾಮ ಅದು. ವೇಗ ಕಡಿಮೆ, ಮೂತಿ ಮೇಲೆ ಇದ್ದಷ್ಟೂ ಎಡಕ್ಕೆ ಎಳೆಯೋದು ಜಾಸ್ತಿ. ಬಾಲದ ರಡ್ಡರ್ ತಿರುಗಿಸುವ ಪೆಡಲನ್ನು ಬಲಗಾಲಲ್ಲಿ ಒತ್ತಿ ಸರಿ ಮಾಡಬೇಕು. ಟೇಕಾಫ್‌ನಲ್ಲಿ ಇದು ಎಲ್ಲರಿಗೂ ನೆನಪಿರುತ್ತದೆ. ಗೋ ಅರೌಂಡ್‌ನಲ್ಲಿ ಮರೆಯುತ್ತಾರೆ, ಯಾಕೆಂದರೆ ಕಾಲು ಇಳಿಯುವ ಲೆಕ್ಕದಲ್ಲಿ ಕೂತಿರುತ್ತದೆ. ಬಲಗಾಲು ಸುಮ್ಮನಿದ್ದರೆ ವಿಮಾನ ರನ್‌ವೇಯ ಎಡಕ್ಕೆ ಸರಿದು ಹೋಗುತ್ತದೆ. ಅದೇ ಹೊತ್ತಿಗೆ ಸ್ಟಾಲ್ ಕೂಡ ಆದರೆ ಒಂದು ರೆಕ್ಕೆ ಮೊದಲು ಕುಸಿದು ವಿಮಾನ ಮಗುಚುತ್ತದೆ. ನೆಲದ ಹತ್ತಿರ ಅದರಿಂದ ಹೊರಗೆ ಬರಲು ಆಗೋದಿಲ್ಲ.

ಮೂರನೆಯದು ಫ್ಲ್ಯಾಪ್. ಪೂರ್ತಿ ಫ್ಲ್ಯಾಪ್ ಇಟ್ಟುಕೊಂಡು ವಿಮಾನ ಚೆನ್ನಾಗಿ ಏರೋದಿಲ್ಲ. ಅದಕ್ಕೇ ಫ್ಲ್ಯಾಪ್ ಮೇಲೆತ್ತಬೇಕು. ಆದರೆ ಹಂತಹಂತವಾಗಿ. ಗಾಬರಿಯಲ್ಲಿ ಒಂದೇ ಸಲ ಪೂರ್ತಿ ಎತ್ತಿಬಿಟ್ಟರೆ? ಲೆಕ್ಕ ಹೇಳುತ್ತೇನೆ. ಸೆಸ್ನಾ 172ಎಸ್ ಪೂರ್ತಿ ಭಾರದಲ್ಲಿ, ಪವರ್ ಇಲ್ಲದಾಗ, 30 ಡಿಗ್ರಿ ಫ್ಲ್ಯಾಪ್ ಇದ್ದರೆ 40 ನಾಟ್‌ಗೆ ಸ್ಟಾಲ್ ಆಗುತ್ತದೆ. ಫ್ಲ್ಯಾಪ್ ಇಲ್ಲದಿದ್ದರೆ 48 ನಾಟ್‌ಗೇ ಸ್ಟಾಲ್. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ಈಗ ರನ್‌ವೇ ಮೇಲೆ ತೇಲುತ್ತಾ ವೇಗ 45 ನಾಟ್‌ಗೆ ಬಂದಿದೆ ಅಂದುಕೊಳ್ಳಿ. ಫ್ಲ್ಯಾಪ್ ಇರುವ ತನಕ ವಿಮಾನ ಹಾರುತ್ತಿದೆ. ಫ್ಲ್ಯಾಪ್ ಲಿವರ್ ಪೂರ್ತಿ ಮೇಲೆತ್ತಿದರೆ ಅದೇ 45 ನಾಟ್ ಸಾಲದಾಗುತ್ತದೆ. ಪೂರ್ತಿ ಪವರ್ ಕೊಟ್ಟರೆ ಸ್ಟಾಲ್ ವೇಗ ಸ್ವಲ್ಪ ತಗ್ಗುತ್ತದೆ ನಿಜ. ಆದರೆ ಆ ಸ್ವಲ್ಪವನ್ನು ನಂಬಿ ಲಿವರ್ ಎತ್ತಬಾರದು.

ನೆಲ ಕೂಡ ಒಂದು ಮೋಸ ಮಾಡುತ್ತದೆ. ನೆಲಕ್ಕೆ ತೀರಾ ಹತ್ತಿರದಲ್ಲಿ, ಅಂದರೆ ರೆಕ್ಕೆಯ ಉದ್ದಕ್ಕಿಂತ ಕಡಿಮೆ ಎತ್ತರದಲ್ಲಿ, ಗಾಳಿಯ ಎಳೆತ ಕಡಿಮೆ ಇರುತ್ತದೆ. 172ರ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್. ಅಷ್ಟರೊಳಗೆ ವಿಮಾನ ಆರಾಮಾಗಿ ತೇಲುತ್ತದೆ. ಪೈಲಟ್‌ಗೆ ಹಾರೋಕೆ ಬೇಕಾದಷ್ಟು ವೇಗ ಇದೆ ಅನ್ನಿಸುತ್ತದೆ. ಆ ಎತ್ತರ ದಾಟಿದ ಕೂಡಲೇ ಎಳೆತ ಜಾಸ್ತಿಯಾಗಿ ವಿಮಾನ ಕುಸಿಯತೊಡಗುತ್ತದೆ. ಕುಸಿಯುವ ವಿಮಾನವನ್ನು ಎತ್ತಲು ಯೋಕ್ ಎಳೆದರೆ ಮತ್ತೆ ಅದೇ ಕಥೆ. ಹಾಗಾಗಿ ಇಳಿಯುವಾಗ ಚಕ್ರ ನೆಲಕ್ಕೆ ಬಡಿದು ವಿಮಾನ ಒಂದು ಸಲ ಪುಟಿದ ಮೇಲೆ ಗೋ ಅರೌಂಡ್ ಮಾಡುವಾಗ ಮೊದಲು ನೆಲದ ಹತ್ತಿರವೇ ಸಮತಲವಾಗಿ ವೇಗ ಗಳಿಸಿಕೊಂಡು ಆಮೇಲೆ ಏರಬೇಕು. ಎರಡನೇ, ಮೂರನೇ ಪುಟಿತದ ತನಕ ಕಾಯುವುದಂತೂ ಬೇಡವೇ ಬೇಡ.

ಇಲ್ಲಿ ಮೈಸೂರಿನ ಮಾತೂ ಬರುತ್ತದೆ. ಮಂಡಕಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ 2,300 ಅಡಿಗೂ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲು ಅಂತಿಟ್ಟುಕೊಳ್ಳಿ. ಬಿಸಿಗಾಳಿ ತೆಳು. ಆಗ ವಿಮಾನದ ಪಾಲಿಗೆ ಮಂಡಕಳ್ಳಿ 5,000 ಅಡಿಗೂ ಮೇಲಿರುವ ನಿಲ್ದಾಣದಂತೆ ವರ್ತಿಸುತ್ತದೆ. ಟರ್ಬೋ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸೆಸ್ನಾ 152ರ ಎಂಜಿನ್ 110 ಅಶ್ವಶಕ್ತಿಯದು. ಆ ಮಧ್ಯಾಹ್ನ ಅದರಿಂದ 95 ಅಶ್ವಶಕ್ತಿ ಸಿಕ್ಕರೆ ಹೆಚ್ಚು. ಕರಾವಳಿಯ ರನ್‌ವೇಯಲ್ಲಿ ಸಲೀಸಾಗಿ ಆಗುವ ಗೋ ಅರೌಂಡ್ ಇಲ್ಲಿ ಎಳೆದಾಡಿಕೊಂಡು ಆಗುತ್ತದೆ. ಮುಂಜಾನೆಯ ತಂಪಿನಲ್ಲಿ ಕಲಿತ ಅಂದಾಜು ಮಧ್ಯಾಹ್ನಕ್ಕೆ ನಡೆಯೋದಿಲ್ಲ. ಮೊದಲ ಸೋಲೋಗಳನ್ನು, ಅಂದರೆ ಒಬ್ಬರೇ ಹಾರಿಸುವ ಹಾರಾಟಗಳನ್ನು, ಬೆಳಿಗ್ಗೆ ಬೇಗ ಇಟ್ಟುಕೊಳ್ಳುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಆದರೆ ಪಶ್ಚಿಮದ, ನೈರುತ್ಯದ ಗಾಳಿ ಬಿಟ್ಟು ಬಿಟ್ಟು ನುಗ್ಗುತ್ತದೆ. ಇಲ್ಲಿಯ ರನ್‌ವೇ ಪೂರ್ವ-ಪಶ್ಚಿಮ. ನೈರುತ್ಯದ ಗಾಳಿ ಓರೆಯಾಗಿ ಬೀಸಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ. ಅಂಥ ದಿನ ಒಂದೆರಡು ಗೋ ಅರೌಂಡ್ ಆಗೋದು ಸಹಜ.

ಹಾಗಾದರೆ ಸರಿಯಾದ ಕ್ರಮ ಯಾವುದು? 152ರಂಥ ಹಳೆಯ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ ಹೀಟ್ ಅಂತ, ಎಂಜಿನ್‌ಗೆ ಬಿಸಿ ಗಾಳಿ ಬಿಡುವ ಒಂದು ಗುಂಡಿ ಇದೆ. ಇಳಿಯುವಾಗ ಅದನ್ನು ಎಳೆದಿಟ್ಟಿರುತ್ತಾರೆ. ಗೋ ಅರೌಂಡ್‌ನಲ್ಲಿ ಥ್ರಾಟಲ್ ಪೂರ್ತಿ ಒತ್ತುವುದರ ಜೊತೆಗೇ ಅದನ್ನೂ ಒಳಗೆ ತಳ್ಳಬೇಕು, ಇಲ್ಲದಿದ್ದರೆ ಪೂರ್ತಿ ಶಕ್ತಿ ಬರೋದಿಲ್ಲ. ಮೂತಿಯನ್ನು ಏರುವ ಮಟ್ಟಕ್ಕೆ ತಂದು ಅಲ್ಲೇ ಹಿಡಿಯಬೇಕು, ಬಲಗಾಲು ರಡ್ಡರ್ ಮೇಲೆ. ಫ್ಲ್ಯಾಪ್ 20 ಡಿಗ್ರಿಗೆ. ವೇಗ ಬಂದಿದೆ, ವಿಮಾನ ನಿಜವಾಗಿ ಏರುತ್ತಿದೆ ಅಂತ ನೋಡಿಕೊಂಡು ಉಳಿದ ಫ್ಲ್ಯಾಪ್. ಟವರ್‌ಗೆ ಹೇಳುವುದು ಕೊನೆಗೆ. ರೇಡಿಯೋದಲ್ಲಿ ಯಾರಾದರೂ ಏನಾದರೂ ಕೇಳುತ್ತಿದ್ದರೂ ಸರಿ, ಉತ್ತರ ಕಾಯಬಹುದು.

ಈ ಕೊನೆಯ ಮಾತು ಎಷ್ಟು ಮುಖ್ಯ ಅನ್ನೋದಕ್ಕೆ ಅಮೆರಿಕದ ಹ್ಯೂಸ್ಟನ್‌ನ ಹಾಬಿ ನಿಲ್ದಾಣದಲ್ಲಿ 2016ರ ಜೂನ್ 9ರಂದು ನಡೆದದ್ದನ್ನು ಹೇಳಬೇಕು. ಸಿರಸ್ ಎಸ್‌ಆರ್20 ಅನ್ನೋ ಚಿಕ್ಕ ವಿಮಾನ. ದೊಡ್ಡ ಜೆಟ್‌ಗಳು ಇಳಿಯುವ ನಿಲ್ದಾಣ. ಇಳಿಯಲು ಒಂದಲ್ಲ, ಮತ್ತೆ ಮತ್ತೆ ಪ್ರಯತ್ನ ಆಯಿತು, ಮತ್ತೆ ಮತ್ತೆ ಗೋ ಅರೌಂಡ್ ಆಯಿತು. ಟವರ್‌ನ ಕಂಟ್ರೋಲರ್‌ಗಳು ಒಂದರ ಮೇಲೊಂದು ಸೂಚನೆ ಕೊಡುತ್ತಿದ್ದರು. ಕೊನೆಯ ಗೋ ಅರೌಂಡ್‌ನಲ್ಲಿ ವೇಗ ಸಾಕಷ್ಟು ಬರುವ ಮೊದಲೇ ಫ್ಲ್ಯಾಪ್ ಮೇಲೆ ಹೋಯಿತು, ವಿಮಾನ ಏರುತ್ತಾ ತಿರುಗುತ್ತಿತ್ತು. ಸ್ಟಾಲ್ ಆಗಿ, ಸುತ್ತಿ ಬಿದ್ದು, ಒಳಗಿದ್ದ ಮೂವರೂ ತೀರಿಕೊಂಡರು. ತನಿಖೆ ಮಾಡಿದವರು ಫ್ಲ್ಯಾಪ್ ವಿಷಯವನ್ನು ಮುಖ್ಯ ಕಾರಣ ಅಂದರು. ಕಂಟ್ರೋಲರ್ ಕಡೆಯ ನಿರ್ಧಾರಗಳೂ ಇದಕ್ಕೆ ದಾರಿ ಮಾಡಿದವು ಅಂತ ಬರೆದರು. ಎಂಜಿನ್ ಚೆನ್ನಾಗಿತ್ತು, ಹಗಲಿತ್ತು. ನನಗೆ ಈ ಅಪಘಾತ ತುಂಬಾ ನೋವು ಕೊಡುತ್ತದೆ, ಯಾಕೆಂದರೆ ಇಳಿಯದೆ ಏರುವ ಸರಿಯಾದ ನಿರ್ಧಾರವನ್ನು ಆ ಪೈಲಟ್ ಪ್ರತಿ ಸಲವೂ ಪಾಲಿಸಿದ್ದರು. ತಿರುಗುವ ವಿಮಾನಕ್ಕೆ ಸ್ಟಾಲ್ ವೇಗವೂ ಜಾಸ್ತಿ. ಎತ್ತರ ಬದಲಿಸದೆ ತಿರುಗುವಾಗ 45 ಡಿಗ್ರಿ ವಾಲಿದರೆ ಸುಮಾರು ನೂರಕ್ಕೆ ಹತ್ತೊಂಬತ್ತರಷ್ಟು ಏರುತ್ತದೆ. ಅದಕ್ಕೇ ಗೋ ಅರೌಂಡ್ ಆದ ಮೇಲೆ ಮೊದಲು ನೇರ ಏರು, ತಿರುವು ಆಮೇಲೆ.

ತಡವಾದ ನಿರ್ಧಾರಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2010ರ ಮೇ 22, ಮಂಗಳೂರು. ಅದು ಚಿಕ್ಕ ವಿಮಾನ ಅಲ್ಲ, ಬೋಯಿಂಗ್ 737. ಆದರೆ ಪಾಠ ಎಲ್ಲ ಗಾತ್ರಕ್ಕೂ ಒಂದೇ. ವಿಮಾನ ತೀರಾ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬರುತ್ತಿತ್ತು. ಸಹ ಪೈಲಟ್ ಗೋ ಅರೌಂಡ್ ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಕ್ಯಾಪ್ಟನ್ ಮುಂದುವರಿಸಿದರು. ರನ್‌ವೇಯ ಅರ್ಧಕ್ಕಿಂತ ಮುಂದೆ ಚಕ್ರ ತಾಗಿತು. ಹಿಮ್ಮುಖ ಥ್ರಸ್ಟ್ ಹಾಕಿ, ಅಂದರೆ ಎಂಜಿನ್ ಬಲವನ್ನು ಎದುರು ದಿಕ್ಕಿಗೆ ತಿರುಗಿಸಿ, ನಿಲ್ಲಿಸಲು ಶುರು ಮಾಡಿದ ಮೇಲೆ, ಆ ಹೊತ್ತಿನಲ್ಲಿ, ಮತ್ತೆ ಹಾರಿಸಲು ನೋಡಿದರು. ಅಷ್ಟರಲ್ಲಿ ರನ್‌ವೇ ಮುಗಿದಿತ್ತು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ಸಹ ಪೈಲಟ್ ಮೊದಲ ಸಲ ಹೇಳಿದಾಗಲೇ ಏರಿದ್ದರೆ ಆ ಬೆಳಿಗ್ಗೆ ಹತ್ತು ಹದಿನೈದು ನಿಮಿಷ ತಡವಾಗುತ್ತಿತ್ತು, ಅಷ್ಟೇ.

ಅಂದರೆ ಗೋ ಅರೌಂಡ್ ಮಾಡಲೇಬಾರದ ಒಂದು ಹಂತವೂ ಇದೆ. ಇದನ್ನು ವಿದ್ಯಾರ್ಥಿಗಳಿಗೆ ಸಾಕಷ್ಟು ಒತ್ತಿ ಹೇಳುವುದಿಲ್ಲ ಅನ್ನೋದು ನನ್ನ ದೂರು. ಚಕ್ರ ನೆಲದ ಮೇಲಿದೆ, ಬ್ರೇಕ್ ಹಾಕಿಯಾಗಿದೆ, ವೇಗ ಅರ್ಧ ಇಳಿದಿದೆ, ಮುಂದೆ ರನ್‌ವೇ ಸಾಲದು ಅನ್ನಿಸುತ್ತಿದೆ. ಆಗ ಥ್ರಾಟಲ್ ಮುಟ್ಟಬೇಡಿ. ಬ್ರೇಕ್ ಒತ್ತಿ, ನೇರ ಹೋಗಿ, ಹುಲ್ಲಿಗೋ ಬೇಲಿಗೋ ತಾಗಿ ನಿಲ್ಲಲಿ. ಕಡಿಮೆ ವೇಗದಲ್ಲಿ ರನ್‌ವೇ ಆಚೆ ಉರುಳಿದ ಚಿಕ್ಕ ವಿಮಾನದಿಂದ ಜನ ಸಾಮಾನ್ಯವಾಗಿ ನಡೆದುಕೊಂಡೇ ಹೊರಗೆ ಬರುತ್ತಾರೆ. ಐವತ್ತು ಅಡಿಯಿಂದ ಸ್ಟಾಲ್ ಆದ ವಿಮಾನದಿಂದ ಹಾಗೆ ಬರೋದು ಕಷ್ಟ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಚಿಕ್ಕ ಸೆಸ್ನಾಗೆ ಇದು ಧಾರಾಳ. ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ ಚಕ್ರ ತಾಗದಿದ್ದರೆ ಏರಿಬಿಡುತ್ತೇನೆ ಅಂತ ಹಾರುವ ಮೊದಲೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡರೆ ಆಮೇಲೆ ಯೋಚನೆ ಮಾಡುವ ಕೆಲಸ ಇರೋದಿಲ್ಲ.

ಗೆರೆ ಎಳೆದುಕೊಂಡರೂ ಜನ ಯಾಕೆ ಏರೋದಿಲ್ಲ? ಫ್ಲೈಟ್ ಸೇಫ್ಟಿ ಫೌಂಡೇಶನ್ ಏರ್‌ಲೈನ್ ವಿಮಾನಗಳ ಬಗ್ಗೆ ಅಧ್ಯಯನ ಮಾಡಿತ್ತು. ವೇಗ, ಎತ್ತರ ಸರಿಯಿಲ್ಲದೆ ಇಳಿಯಲು ಬಂದ ವಿಮಾನಗಳಲ್ಲಿ ನೂರಕ್ಕೆ ಮೂರು ಮಾತ್ರ ಗೋ ಅರೌಂಡ್ ಮಾಡಿದ್ದವು. ಉಳಿದವು ಇಳಿದೇ ಬಿಟ್ಟವು. ಸಾವಿರಾರು ಗಂಟೆ ಹಾರಿದವರ ಕಥೆಯೇ ಇದು. ಇಳಿಯಬೇಕು ಅಂತ ಬಂದ ಮನಸ್ಸು ಇಳಿಯುವುದರ ಕಡೆಗೇ ಎಳೆಯುತ್ತದೆ, ಸರಿ ಹೋಗಬಹುದು ಅನ್ನಿಸುತ್ತಿರುತ್ತದೆ. ವಿದ್ಯಾರ್ಥಿಗೆ ಇದರ ಮೇಲೆ ಇನ್ನೊಂದು ಭಾರ. ಕೆಳಗೆ ಇನ್‌ಸ್ಟ್ರಕ್ಟರ್ ನೋಡುತ್ತಿದ್ದಾರೆ, ಬ್ಯಾಚಿನವರು ನೋಡುತ್ತಿದ್ದಾರೆ, ಇಳಿಯಲು ಬರಲಿಲ್ಲ ಅಂದುಕೊಂಡರೆ ಅಂತ.

ನೀವು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ತರಬೇತಿಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಎಷ್ಟೋ ಮನೆಯವರು ಸಾಲ ಮಾಡಿರುತ್ತಾರೆ, ಜಮೀನು ಅಡ ಇಟ್ಟಿರುತ್ತಾರೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಹಾಗಾಗಿ ಮನೆಯಲ್ಲಿ ದಿನಾ ಕೇಳುವ ಪ್ರಶ್ನೆ, ಎಷ್ಟು ಗಂಟೆ ಆಯ್ತು, ಯಾವಾಗ ಮುಗಿಯುತ್ತೆ. ನೀವು ಪ್ರೀತಿಯಿಂದಲೇ ಕೇಳುತ್ತೀರಿ, ಆದರೆ ಅದು ಮಗಳ ತಲೆಯಲ್ಲಿ ಕೂತು ವಿಮಾನದೊಳಕ್ಕೂ ಬರುತ್ತದೆ. ಇನ್ನೊಂದು ಸುತ್ತು ಅಂದರೆ ಇನ್ನೊಂದಿಷ್ಟು ದುಡ್ಡು ಅನ್ನೋ ಲೆಕ್ಕ ರನ್‌ವೇ ಮೇಲೆ ಆಕೆಯ ಮನಸ್ಸಿಗೆ ಬರಕೂಡದು. ಒಂದು ಗೋ ಅರೌಂಡ್‌ನಿಂದ ಆಗುವ ಖರ್ಚು ಐದಾರು ನಿಮಿಷದ ಹಾರಾಟ. ಇವತ್ತು ಗೋ ಅರೌಂಡ್ ಮಾಡಿದೆ ಅಂತ ಮಗಳು ಹೇಳಿದರೆ, ಒಳ್ಳೇದಾಯ್ತು ಕಣಮ್ಮ ಅನ್ನಿ. ಯಾಕೆ ಏನಾಯ್ತು ಅಂತ ಗಾಬರಿಯಿಂದ ಕೇಳಬೇಡಿ. ಎರಡನೇ ಸಲವೂ ಆಗಲಿಲ್ಲ ಅಂದರೆ ಸ್ವಲ್ಪ ಎತ್ತರಕ್ಕೆ ಹೋಗಿ, ಉಸಿರು ತೆಗೆದುಕೊಂಡು, ಗಾಳಿ ಹೇಗಿದೆ ಅಂತ ಕೇಳಿಕೊಂಡು ಬರಲಿ. ಟ್ಯಾಂಕಿನಲ್ಲಿ ಅದಕ್ಕೆ ಬೇಕಾದ ಇಂಧನ ಇಟ್ಟುಕೊಂಡೇ ಹೊರಡಲಿ.

ತರಬೇತಿ ಕೇಂದ್ರದವರನ್ನು ಭೇಟಿಯಾದಾಗ ನೀವು ಧೈರ್ಯವಾಗಿ ಕೇಳಬಹುದಾದದ್ದೂ ಇದೆ. ಸೋಲೋ ಮುಂಚೆ ನಮ್ಮ ಹುಡುಗಿಗೆ ಪೂರ್ತಿ ಫ್ಲ್ಯಾಪ್ ಇಟ್ಟು, ನೆಲಕ್ಕೆ ತೀರಾ ಹತ್ತಿರದಿಂದ, ಮೊದಲೇ ಹೇಳದೆ ಗೋ ಅರೌಂಡ್ ಮಾಡಿಸಿದ್ದೀರಾ? ಪುಟಿದ ಮೇಲೆ ಮಾಡಿಸಿದ್ದೀರಾ? ಬಿಸಿಲು ಹೊತ್ತಿನಲ್ಲಿ? ಐನೂರು ಅಡಿ ಎತ್ತರದಲ್ಲಿ, ಈಗ ಮಾಡೋಣ ಅಂತ ಹೇಳಿ ಮಾಡಿಸುವ ಅಭ್ಯಾಸ ಬೇಡ ಅಂತಲ್ಲ. ಆದರೆ ಅದರಲ್ಲಿ ಮೂತಿಯ ಆ ಎಳೆತವೂ ಗಾಬರಿಯೂ ಗೊತ್ತಾಗೋದಿಲ್ಲ. ಒಳ್ಳೆಯ ಇನ್‌ಸ್ಟ್ರಕ್ಟರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳೋದಿಲ್ಲ, ಕೂರಿಸಿ ಉತ್ತರ ಹೇಳುತ್ತಾರೆ. ಜೊತೆಗೆ ಒಬ್ಬಳೇ ಹಾರಿಸುವಾಗ ವಿಮಾನ ಹಗುರವಾಗಿರುತ್ತದೆ, ಬೇಗ ಏರುತ್ತದೆ, ಮೂತಿಯೂ ಬೇಗ ಏಳುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಆಕೆಗೆ ಅಚ್ಚರಿಯಾಗೋದಿಲ್ಲ.

ಮಗಳಿಗೆ ನನ್ನ ಕಡೆಯಿಂದ ಒಂದು ಮನೆಗೆಲಸ ಕೊಡಿ. ಎರಡೂ ವಿಮಾನಗಳ ಹ್ಯಾಂಡ್‌ಬುಕ್‌ನಲ್ಲಿ ಬಾಕ್ಡ್ ಲ್ಯಾಂಡಿಂಗ್ (ಗೋ ಅರೌಂಡ್‌ಗೆ ಪುಸ್ತಕದ ಹೆಸರು) ಅನ್ನೋ ತಲೆಬರಹದ ಕೆಳಗೆ ನಾಲ್ಕೈದು ಸಾಲು ಇರುತ್ತವೆ. 152ರಲ್ಲಿ ಫ್ಲ್ಯಾಪ್ 20ಕ್ಕೆ ತಂದು 55 ನಾಟ್, ಆಮೇಲೆ ನಿಧಾನವಾಗಿ ಉಳಿದದ್ದು. 172ಎಸ್‌ನಲ್ಲಿ ಫ್ಲ್ಯಾಪ್ 20, ವೇಗ 60, ಅಡೆತಡೆ ದಾಟುವ ತನಕ ಫ್ಲ್ಯಾಪ್ 10, ಸುರಕ್ಷಿತ ಎತ್ತರ ಮತ್ತು 65 ನಾಟ್ ಬಂದ ಮೇಲೆ ಪೂರ್ತಿ ಮೇಲೆ. 172ರಲ್ಲೇ ಹಳೆಯ, ಹೊಸ ಮಾದರಿಗಳಿಗೆ ಈ ಅಂಕಿ ಬೇರೆ ಬೇರೆ, ಹಾಗಾಗಿ ತಾನು ಹಾರಿಸುವ ವಿಮಾನದ ಪುಸ್ತಕವನ್ನೇ ತೆಗೆದು ನೋಡಲಿ. ನಿಂತಿರುವ ವಿಮಾನದಲ್ಲಿ ಕೂತು, ಕಣ್ಣು ಮುಚ್ಚಿ, ಯಾವುದೂ ನಿಜವಾಗಿ ಎಳೆಯದೆ ಒತ್ತದೆ, ಕೈ ಯಾವುದರ ನಂತರ ಯಾವುದಕ್ಕೆ ಹೋಗಬೇಕು ಅನ್ನೋದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಅಭ್ಯಾಸ ಮಾಡಲಿ. ಇದಕ್ಕೆ ಪೆಟ್ರೋಲ್ ಖರ್ಚಿಲ್ಲ, ಸೋಲೋ ದಿನದ ತನಕ ದಿನಾ ಮಾಡಬಹುದು.